ಹಾಜರಿ ಹಾಕುವವರೂ ಹಗಲಿರುಳು ಓದುವವರೂ

ಪ್ರಶ್ನೆ: ನಾವು 12 ಮಂದಿ ಹಳೆಯ ಕಾಲೇಜು ಗೆಳೆಯರು ಆನ್‌ಲೈನ್‌ನಲ್ಲಿ ಒಂದು ಕ್ರಿಕೆಟ್ ಸಿಮ್ಯುಲೇಷನ್ ಲೀಗ್ ನಡೆಸುತ್ತಿದ್ದೇವೆ. ಪ್ರತಿಯೊಬ್ಬರಿಗೂ ಒಬ್ಬ ಕಾಲ್ಪನಿಕ ಆಟಗಾರ. ತಂಡದ ಉಳಿದ ಜಾಗಗಳನ್ನು ಕಂಪ್ಯೂಟರ್ ತುಂಬುತ್ತದೆ. ವಾರವಿಡೀ ಫಲಿತಾಂಶ ಊಹಿಸಿ, ಪಂದ್ಯದ ವರದಿ ಬರೆದು ಅಂಕ ಗಳಿಸಬೇಕು. ಆ ಅಂಕಗಳಿಂದ ನಮ್ಮ ಆಟಗಾರನ ಬಲ ಏರುತ್ತದೆ. ಶನಿವಾರ ರಾತ್ರಿ ಕಂಪ್ಯೂಟರ್ ಪಂದ್ಯ ಆಡಿಸುತ್ತದೆ. ಮೂವರು ದಿನಕ್ಕೊಂದು ವರದಿ ಬರೆದು ವಾರಕ್ಕೆ 30 ಅಂಕ ಬಾಚುತ್ತಾರೆ. ಉಳಿದವರಿಗೆ 4 ಸಿಕ್ಕಿದರೆ ಹೆಚ್ಚು. ಈಗ ಐವರು ಬರುವುದನ್ನೇ ಬಿಟ್ಟಿದ್ದಾರೆ. ಏನು ಮಾಡಲಿ?
— ದಾವಣಗೆರೆಯ ಓದುಗ

ಉತ್ತರ: ಆ ಮೂವರ ಮೇಲೆ ಸಿಟ್ಟಾಗಬೇಡಿ. ಅವರಿಲ್ಲದಿದ್ದರೆ ನಿಮ್ಮ ಲೀಗ್ ಎರಡನೇ ತಿಂಗಳಿಗೇ ಮುಚ್ಚಿರುತ್ತಿತ್ತು. ನಾನು ಸಾಗರದ ಹೈಸ್ಕೂಲಿನಲ್ಲಿ 26 ವರ್ಷ ಗಣಿತ ಕಲಿಸಿದವನು. ಮೊದಲ ಬೆಂಚಿನ ಮೂವರ ವೇಗಕ್ಕೆ ಪಾಠ ಮಾಡಿದರೆ ಕೊನೆಯ ಬೆಂಚು ಕಿಟಕಿಯಾಚೆಯ ಅಡಿಕೆ ಮರ ಎಣಿಸಲು ಶುರುಮಾಡುತ್ತದೆ. ಹಾಗೆಂದು ಮೊದಲ ಬೆಂಚಿನ ಬಾಯಿ ಮುಚ್ಚಿಸಿದರೆ ತರಗತಿಯೇ ಸತ್ತುಹೋಗುತ್ತದೆ.

1997ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದ ‘ಹ್ಯಾಟ್ರಿಕ್’ ಎಂಬ, ಆನ್‌ಲೈನ್‌ನಲ್ಲಿ ಫುಟ್‌ಬಾಲ್ ತಂಡ ನಡೆಸುವ ಆಟದಲ್ಲಿ ನನಗೂ ಒಂದು ತಂಡವಿದೆ. ತಂಡದ ಹೆಸರು ಹೇಳುವುದಿಲ್ಲ, ನನ್ನ ಸೋಲುಗಳನ್ನೆಲ್ಲ ನೀವು ಹುಡುಕಿ ತೆಗೆಯುತ್ತೀರಿ. ಅಲ್ಲಿ 8 ತಂಡಗಳ ಒಂದು ಗುಂಪು, ವಾರಕ್ಕೆ ಒಂದೇ ಲೀಗ್ ಪಂದ್ಯ, ನಡುವಾರದಲ್ಲಿ ಕಪ್ ಅಥವಾ ಸ್ನೇಹಪಂದ್ಯ. ಒಂದು ಋತು ಎಂದರೆ 16 ವಾರ. ಅದರ ತರಬೇತಿ ನಿಯಮವನ್ನು ಗಮನಿಸಿ: ಆ ವಾರ ಸರಿಯಾದ ಸ್ಥಾನದಲ್ಲಿ 90 ನಿಮಿಷ ಆಡಿದವನಿಗೆ ಪೂರ್ತಿ ತರಬೇತಿ ಸಿಗುತ್ತದೆ. ಎರಡನೇ ಪಂದ್ಯದಲ್ಲಿ ಮತ್ತೆ 90 ನಿಮಿಷ ಆಡಿಸಿದರೂ ಒಂದು ಗುಲಗಂಜಿಯಷ್ಟು ಹೆಚ್ಚುವುದಿಲ್ಲ. ದಿನಕ್ಕೆ ಹತ್ತು ಸಲ ಬಾಗಿಲು ತಟ್ಟುವವನಿಗೂ ವಾರಕ್ಕೆರಡು ಸಲ ಇಣುಕುವವನಿಗೂ ಆ ಮಿತಿ ಒಂದೇ. ಜಾಣನ ಜಾಣತನವೇನಿದ್ದರೂ ಎರಡು ಪಂದ್ಯಗಳಿಗೆ ಹುಡುಗರನ್ನು ಹಂಚುವುದರಲ್ಲಿ, ಎದುರಾಳಿಯನ್ನು ಓದುವುದರಲ್ಲಿ, ಆಟಗಾರರನ್ನು ಕೊಂಡು ಮಾರುವುದರಲ್ಲಿ. ತಂಗಿಯ ಮಗಳ ಮದುವೆಗೆಂದು ನಾನು ಮೂರು ವಾರ ಆ ಕಡೆ ತಲೆಹಾಕಿರಲಿಲ್ಲ. ಮೊದಲೇ ಬರೆದಿಟ್ಟಿದ್ದ ತಂಡವೇ ಆಡುತ್ತಿತ್ತು, ತರಬೇತಿಯೂ ನಡೆದಿತ್ತು. ಎರಡು ಪಂದ್ಯ ಸೋತಿದ್ದೆ, ಅಷ್ಟೇ. ಮರಳಿ ಬರಲು ನಾಚಿಕೆಯಾಗಲಿಲ್ಲ.

ನಿಮ್ಮ ಐವರಿಗೆ ಆಗಿರುವುದು ಆ ನಾಚಿಕೆಯೇ. ಎರಡು ವಾರ ತಪ್ಪಿಸಿಕೊಂಡರೆ 60 ಅಂಕ ಹಿಂದೆ ಬೀಳುವ ಕಡೆ ಯಾರು ತಾನೇ ಮರಳುತ್ತಾರೆ?

ಕಪ್ಪುಹಲಗೆಯ ಚಾಳಿ ಬಿಟ್ಟಿಲ್ಲ, ಲೆಕ್ಕ ಹಾಕಿಯೇ ತೋರಿಸುತ್ತೇನೆ. ವಾರಕ್ಕೆ 10 ಅಂಕದ ಮಿತಿ ಹಾಕಿ. ಅದರಲ್ಲಿ 6 ಅಂಕ ಐದು ನಿಮಿಷದ ಕೆಲಸಕ್ಕೆ: ಹಾಜರಿಗೆ 3, ಊಹೆಗೆ 3. ವರದಿಗೆ 4, ಅದೂ ವಾರಕ್ಕೆ ಒಂದೇ ವರದಿ. ಜೊತೆಗೆ ಬಲ ಏರಿದಂತೆ ಬೆಲೆಯೂ ಏರಲಿ. ಎಲ್ಲರೂ 50ರಿಂದ ಆರಂಭಿಸುತ್ತಾರೆ ಎಂದುಕೊಳ್ಳಿ. 70ರವರೆಗೆ ಒಂದು ಮೆಟ್ಟಿಲಿಗೆ 1 ಅಂಕ, 80ರವರೆಗೆ 2, 90ರವರೆಗೆ 5, ಆಮೇಲೆ 10. ಹತ್ತು ವಾರದಲ್ಲಿ ಐದು ನಿಮಿಷದವನು 60 ಅಂಕ ಗಳಿಸಿ 84ಕ್ಕೆ ಬರುತ್ತಾನೆ. ವರದಿಗಾರ 100 ಗಳಿಸಿ 91ಕ್ಕೆ ಬರುತ್ತಾನೆ. ಅವನು ಮುಂದಿದ್ದಾನೆ, ಮುಂದಿರಬೇಕಾದದ್ದೂ ಸರಿಯೇ. ಆದರೆ 84 ಇರುವವನು ಒಂದು ಶನಿವಾರ 91 ಇರುವವನ ವಿಕೆಟ್ ಕಿತ್ತಾನು. ನಿಮ್ಮ ಈಗಿನ ಪದ್ಧತಿಯಲ್ಲಿ ಅದು ಹತ್ತು ವಾರಕ್ಕೆ 40 ಅಂಕಕ್ಕೆ ಎದುರಾಗಿ 300 ಅಂಕ. ಅದು ಪಂದ್ಯವಲ್ಲ, ಮೆರವಣಿಗೆ.

ಮೂವರು ಈಗಾಗಲೇ ಕೂಡಿಟ್ಟದ್ದನ್ನು ಕಿತ್ತುಕೊಳ್ಳಬೇಡಿ, ಜಗಳವಾಗುತ್ತದೆ. ಇಂಥ ಲೀಗ್‌ಗಳಲ್ಲಿ ಆಟಗಾರನಿಗೂ ವಯಸ್ಸಾಗುತ್ತದೆ. ಕೆಲವು ಋತುಗಳಾದ ಮೇಲೆ ಪ್ರತಿ ಋತುವಿಗೂ ಬಲ ಇಷ್ಟಿಷ್ಟೆಂದು ಇಳಿಯುವ ನಿಯಮವನ್ನು ಹಾಕಿಕೊಳ್ಳುವುದು ರೂಢಿ. ಮುಪ್ಪು ಎಲ್ಲರಿಗೂ ಒಂದೇ ಆದ್ದರಿಂದ ಯಾರೂ ತಕರಾರು ತೆಗೆಯುವುದಿಲ್ಲ. ಇನ್ನು ಉಕ್ಕುವ ಹುಮ್ಮಸ್ಸಿಗೆ ಅಂಕದ ಬದಲು ಹುದ್ದೆ ಕೊಡಿ. ಒಬ್ಬ ತಂಡದ ಆಯ್ಕೆಗಾರನಾಗಲಿ, ಒಬ್ಬ ದಾಖಲೆ ಬರೆಯಲಿ, ಇನ್ನೊಬ್ಬ ಶನಿವಾರದ ವೀಕ್ಷಕ ವಿವರಣೆ ಬರೆಯಲಿ. ದಿನಕ್ಕೊಂದು ವರದಿ ಬರೆಯುವವನಿಗೆ ಬೇಕಾದದ್ದು ಓದುಗರು ಎಂಬುದು ನನ್ನ ಗುಮಾನಿ.

ಕೊನೆಗೆ ಒಂದು ರಜಾ ನಿಯಮ. ಆನ್‌ಲೈನ್ ಕಾರ್ ರೇಸಿನ ಆಟ ‘ಐರೇಸಿಂಗ್’ನ ಹೆಚ್ಚಿನ ಸರಣಿಗಳಲ್ಲಿ ಋತುವಿಗೆ 12 ವಾರ, ಲೆಕ್ಕಕ್ಕೆ ಬರುವುದು ಅತ್ಯುತ್ತಮ 8 ವಾರ ಮಾತ್ರ. ನಮ್ಮ ಎಸ್ಸೆಸ್ಸೆಲ್ಸಿಯ 75 ಪ್ರತಿಶತ ಹಾಜರಿಗಿಂತಲೂ ಉದಾರ! ನೀವೂ ಹತ್ತರಲ್ಲಿ ಏಳು ವಾರ ಎಣಿಸಿ. ಹಬ್ಬ, ಜ್ವರ, ಆಡಿಟ್ ಎಲ್ಲವೂ ಉಳಿದ ಮೂರರಲ್ಲಿ ಅಡಗುತ್ತವೆ.

ಪ್ರಶ್ನೆ: ನೀವೆಲ್ಲ ಸೋಮಾರಿಗಳ ಪರ. ನಾನು ಕಚೇರಿಯ ಫ್ಯಾಂಟಸಿ ಪ್ರೀಮಿಯರ್ ಲೀಗ್‌ನಲ್ಲಿ (ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನ ನಿಜ ಆಟಗಾರರನ್ನು ಆರಿಸಿ, ಅವರ ಆಟದಿಂದ ಅಂಕ ಗಳಿಸುವ ಆಟ) ಪ್ರತಿ ವಾರ ಗಾಯದ ಸುದ್ದಿ, ಮುಂದಿನ ಎದುರಾಳಿ ಎಲ್ಲ ನೋಡಿ ತಂಡ ಬದಲಿಸುತ್ತೇನೆ. ಆಗಸ್ಟ್‌ನಲ್ಲಿ ತಂಡ ಮಾಡಿ ಮರೆತ ಸಹೋದ್ಯೋಗಿ ಕಳೆದ ವಾರ ನನ್ನನ್ನು ಸೋಲಿಸಿದ. ಇದು ನ್ಯಾಯವೇ?
— ಹುಬ್ಬಳ್ಳಿಯ ಓದುಗಿತಿ

ಉತ್ತರ: ನ್ಯಾಯವೇ, ತಾಯಿ. ಅವನ ಹನ್ನೊಂದರಲ್ಲಿ ಒಬ್ಬ ಆಡದಿದ್ದರೆ ಬೆಂಚಿನಲ್ಲಿರುವವನು ತಾನಾಗಿಯೇ ಒಳಬರುತ್ತಾನೆ. ಮರೆವಿನವರಿಗಾಗಿಯೇ ಇರುವ ಸೌಲಭ್ಯ ಅದು. ಒಂದು ವಾರ ಅದೃಷ್ಟ ಆಡುತ್ತದೆ, 38 ವಾರ ಆಡುವುದಿಲ್ಲ. ಮೇ ತಿಂಗಳಲ್ಲಿ ಪಟ್ಟಿ ನೋಡಿ.

ಆದರೆ ನಿಮ್ಮನ್ನೊಂದು ಕೇಳಬೇಕು: ಆ ವಾರ ಎಷ್ಟು ಆಟಗಾರರನ್ನು ಬದಲಿಸಿದಿರಿ? ಪುಕ್ಕಟೆ ಸಿಗುವುದು ವಾರಕ್ಕೊಂದು ಬದಲಾವಣೆ, ಮೀರಿದರೆ ಒಂದೊಂದಕ್ಕೂ 4 ಅಂಕ ಕಡಿತ. ಆಸಕ್ತಿ ಅತಿಯಾದವರಿಗೆ ಆಟವೇ ಹಾಕಿದ ಮೂಗುದಾರ ಅದು. ನಾನೊಮ್ಮೆ ಮೂರು ಬದಲಾವಣೆ ಮಾಡಿ 8 ಅಂಕ ಕಳೆದುಕೊಂಡು, ತನ್ನ ಪಾಸ್‌ವರ್ಡ್ ಕೂಡ ಮರೆತಿದ್ದ ಭಾವನಿಗೆ 5 ಅಂಕದಿಂದ ಸೋತೆ. ಅವರಿಗೆ ಗೆದ್ದ ವಿಷಯ ನಾನು ಹೇಳಿದ ಮೇಲೆಯೇ ಗೊತ್ತಾದದ್ದು. 2024–25ರಿಂದ ಬಳಸದ ಬದಲಾವಣೆಗಳನ್ನು ಐದರವರೆಗೆ ಕೂಡಿಡಬಹುದು. ಕೈಕಟ್ಟಿ ಕೂರುವುದೂ ಈಗ ಒಂದು ವಿದ್ಯೆ, ಕಲಿಯಿರಿ.

ಕಚೇರಿಯಲ್ಲಿ ಜನವರಿ ಹೊತ್ತಿಗೆ ಎಲ್ಲರೂ ಸುಸ್ತಾದರೆ, ಆ ವಾರದಿಂದಲೇ ಅಂಕ ಎಣಿಸುವ ಹೊಸ ಖಾಸಗಿ ಲೀಗ್ ತೆರೆಯಿರಿ. ಹಳೆಯದೂ ನಡೆಯಲಿ. ಎರಡನೆಯದರಲ್ಲಿ ಮರೆವಿನವನೂ ಸೊನ್ನೆಯಿಂದ, ನೀವೂ ಸೊನ್ನೆಯಿಂದ.

ಪ್ರಶ್ನೆ: ತಲಾ 200 ರೂಪಾಯಿ ಹಾಕಿಸಿ ಗೆದ್ದವರಿಗೆ ಹಂಚಿದರೆ ಎಲ್ಲರೂ ಶ್ರದ್ಧೆಯಿಂದ ಆಡುವುದಿಲ್ಲವೇ?
— ಮೈಸೂರಿನ ಓದುಗ

ಉತ್ತರ: ಬೇಡ. ಹಣ ಕಟ್ಟಿಸಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ನಾನು ಬೇಡವೆನ್ನುತ್ತಿದ್ದೆ. ಹಣ ಬಂದ ದಿನ ಸುಮ್ಮನೆ ಇಣುಕುವವರು ಮೊದಲು ಹೊರಡುತ್ತಾರೆ. ನಮ್ಮ ಮನೆಯ ಲೀಗ್‌ನಲ್ಲಿ ಕೊನೆಯ ಸ್ಥಾನ ಪಡೆದವರು ಒಂದು ಭಾನುವಾರ ಎಲ್ಲರಿಗೂ ದೋಸೆ ಎರೆದು ಬಡಿಸಬೇಕು. ಕಳೆದ ಸಲ ಆ ಸರದಿ ನನ್ನದು. ಮೊದಲ ಆರು ಕಾವಲಿಯಿಂದ ಏಳಲೇ ಇಲ್ಲ.