ರಾತ್ರಿ ಹತ್ತೂವರೆಯ ಹಸಿವು

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಊರು ಹರಿಹರ, ಕೆಲಸ ಬೆಂಗಳೂರಿನಲ್ಲಿ. ಬನಶಂಕರಿ ಕಡೆ ಗೆಳತಿಯ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಹಗಲೆಲ್ಲ ಬಾಯಿ ಕಟ್ಟಿಯೇ ಇರುತ್ತೇನೆ. ಬೆಳಿಗ್ಗೆ ಎರಡು ಬ್ರೆಡ್ಡು, ಕಾಫಿ. ಮಧ್ಯಾಹ್ನ ಬರೀ ಸಲಾಡ್, ಇಲ್ಲಾ ಒಂದು ಡಬ್ಬಿ ಹಣ್ಣು. ರಾತ್ರಿ ಎರಡು ಚಪಾತಿ, ಪಲ್ಯ. ಹತ್ತೂವರೆಗೆ ಹಾಸಿಗೆಯಲ್ಲಿ ಮೊಬೈಲ್ ಹಿಡಿದರೆ ಮುಗಿಯಿತು. ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಆ್ಯಪ್ ತೆರೆಯುತ್ತೇನೆ. ಚಿಪ್ಸ್, ಐಸ್‌ಕ್ರೀಂ, ಡೆಲಿವರಿ ಉಚಿತ ಆಗಲಿ ಅಂತ ಮೇಲೊಂದು ಚಾಕೊಲೇಟ್. ಕಳೆದ ತಿಂಗಳು ಲೆಕ್ಕ ಹಾಕಿದೆ, 4,860 ರೂಪಾಯಿ! ತಿಂದ ಮೇಲೆ ನನ್ನ ಮೇಲೇ ಸಿಟ್ಟು ಬರುತ್ತದೆ. ಆ್ಯಪ್ ಎರಡು ಸಲ ತೆಗೆದು ಹಾಕಿದೆ, ಮತ್ತೆ ಹಾಕಿಕೊಂಡೆ. ನನಗೆ ಮನಸ್ಸು ಗಟ್ಟಿ ಇಲ್ಲ ಅಂತ ಅಲ್ವಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದುವಾಗ ನಾನು ಪೆನ್ಸಿಲ್ ಗೀರು ಹಾಕಿದ್ದು ಮಧ್ಯಾಹ್ನದ ಸಲಾಡ್ ಕೆಳಗೆ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ನನ್ನದೊಂದು ಕಥೆ ಕೇಳಿ.

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಪಥ್ಯದ ಅಡುಗೆಮನೆ ನೋಡಿಕೊಳ್ಳುತ್ತಿದ್ದೆ. ಸಂಜೆ ಐದೂವರೆಗೆ ಕೆಲಸ ಮುಗಿದರೆ ಕಾಲು ನೇರ ಮಿರ್ಚಿ ಗಾಡಿಯ ಕಡೆ. ಒಂದು ಪೊಟ್ಟಣ ಖಾರ ಮಂಡಕ್ಕಿ, ಮೂರು ಮಿರ್ಚಿ. ಸೀಳಿದ ಮೆಣಸಿನಕಾಯಿ ಒಳಗೆ ಜೀರಿಗೆ ಉಪ್ಪು, ಮೇಲೆ ಕಡಲೆಹಿಟ್ಟಿನ ಬಿಸಿ ಬಿಸಿ ಕವಚ. ನಾಲಿಗೆ ಸುಟ್ಟರೂ ಬಿಡುತ್ತಿರಲಿಲ್ಲ. ಒಂದು ದಿನ ಪಕ್ಕದಲ್ಲಿ ಬಂದು ನಿಂತವರು ಬೆಳಿಗ್ಗೆಯಷ್ಟೇ ನಾನು "ಕರಿದದ್ದು ಮುಟ್ಟಬೇಡಿ" ಅಂತ ಹೇಳಿ ಕಳಿಸಿದ್ದ ಅಜ್ಜ. ನನ್ನ ಕೈ ನೋಡಿದರು. "ಅಕ್ಕಾರ, ನಿಮಗೂ ಮೂರೇನ್ರೀ?" ಅಂದರು. ಇಬ್ಬರೂ ನಕ್ಕೆವು. ನನಗೆ ಮಾತ್ರ ಆ ನಗು ಮನೆ ತನಕ ಚುಚ್ಚಿತು.

ಅವತ್ತು ರಾತ್ರಿ ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಹಿಂದೆ ಬರೆಯಲು ಶುರು ಮಾಡಿದೆ. ಎಷ್ಟು ಹೊತ್ತಿಗೆ ಆಸೆ ಆಯಿತು, ಅದಕ್ಕೆ ಮೊದಲು ಕೊನೆಯ ಊಟ ಯಾವಾಗ, ಏನು. ಅಷ್ಟೇ. ತಿಂದೆನೋ ಬಿಟ್ಟೆನೋ ಅಂತ ಬರೆಯಲಿಲ್ಲ. ಹತ್ತು ದಿನಕ್ಕೆ ಹಾಳೆ ತುಂಬಿತು, ಕಳ್ಳನೂ ಸಿಕ್ಕಿಬಿದ್ದ. ರೋಗಿಗಳಿಗೆ ಹನ್ನೆರಡಕ್ಕೆ ಊಟ ಹೋಗಬೇಕು, ಹಾಗಾಗಿ ನಾನು ಹನ್ನೊಂದೂವರೆಗೇ ಅನ್ನ ಸಾರು ನುಂಗಿ ಮುಗಿಸುತ್ತಿದ್ದೆ. ಅಲ್ಲಿಂದ ಆರು ತಾಸು ನೀರು, ಟೀ ಬಿಟ್ಟರೆ ಏನೂ ಇಲ್ಲ. ಭಾನುವಾರ ಮನೆಯಲ್ಲಿ ಎರಡು ಗಂಟೆಗೆ ರೊಟ್ಟಿ, ಕಾಳು ಪಲ್ಯ, ಮಜ್ಜಿಗೆ. ಭಾನುವಾರವೂ ಗಾಡಿ ನಮ್ಮ ಬೀದಿಯ ತಿರುವಿನಲ್ಲೇ ನಿಂತಿರುತ್ತಿತ್ತು. ಆದರೆ ಆ ಸಾಲಿನಲ್ಲಿ ಆಸೆ ಅನ್ನೋ ಜಾಗ ಖಾಲಿ.

ಈಗ ನಿಮ್ಮ ಸಲಾಡ್‌ಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. ನೀವು 55 ಕೆ.ಜಿ. ಇದ್ದೀರಿ ಅಂದುಕೊಂಡರೆ ಸುಮಾರು 46 ಗ್ರಾಂ. ನೀವು ಬರೆದ ಬ್ರೆಡ್ಡು, ಕಾಫಿಯ ಹಾಲು, ಹಣ್ಣು, ಎರಡು ಚಪಾತಿ, ಪಲ್ಯ ಎಲ್ಲ ಕೂಡಿಸಿದರೂ ಇಪ್ಪತ್ತು ದಾಟುವುದು ಕಷ್ಟ. ಒಟ್ಟು ಊಟವೂ ಕಮ್ಮಿಯೇ. ಹಗಲು ಉಳಿಸಿಕೊಂಡ ಸಾಲವನ್ನು ದೇಹ ರಾತ್ರಿ ಬಂದು ಕೇಳುತ್ತಿದೆ. ಕೇಳುವಾಗ ಬೇಳೆ ಸಾರು ಕೇಳುವುದಿಲ್ಲ. ಎಣ್ಣೆ, ಸಕ್ಕರೆ, ಉಪ್ಪು ಕೇಳುತ್ತದೆ. ಇದರಲ್ಲಿ ಮನಸ್ಸು ಗಟ್ಟಿಯೋ ಮೆತ್ತಗೋ ಅನ್ನೋ ಪ್ರಶ್ನೆ ಎಲ್ಲಿಂದ ಬಂತು?

ಒಂದು ವಾರ ಆ್ಯಪ್ ಮುಟ್ಟಬೇಡಿ ಅಂತ ನಾನು ಹೇಳುವುದಿಲ್ಲ. ರಾತ್ರಿ ಬೇಕೆನಿಸಿದರೆ ತರಿಸಿಕೊಳ್ಳಿ. ಹಗಲು ಮಾತ್ರ ಸರಿಮಾಡಿ. ಬೆಳಿಗ್ಗೆ ಮೊಟ್ಟೆ ತಿನ್ನುವವರಾದರೆ ಎರಡು ಮೊಟ್ಟೆ, ಇಲ್ಲದಿದ್ದರೆ ಹೆಸರುಕಾಳಿನ ದೋಸೆ. ಹಿಟ್ಟನ್ನು ಗೆಳತಿಯೂ ನೀವೂ ಸರದಿ ಮೇಲೆ ರುಬ್ಬಿಡಿ. ಮಧ್ಯಾಹ್ನದ ಡಬ್ಬಿಗೆ ಅನ್ನವೋ ಚಪಾತಿಯೋ ಇರಲಿ, ಜೊತೆಗೆ ಕಾಳಿನ ಹುಳಿ, ಮೊಸರು. ಸಲಾಡ್ ಬೇಕಾದರೆ ಪಕ್ಕದಲ್ಲಿರಲಿ, ಪಾಪ ಅದರದ್ದೇನೂ ತಪ್ಪಿಲ್ಲ. ಸಂಜೆ ಐದಕ್ಕೆ ಒಂದು ಹಿಡಿ ಹುರಿದ ಶೇಂಗಾ, ಇಲ್ಲಾ ನಮ್ಮ ಕಡೆ ಪುಟಾಣಿ ಅಂತೀವಲ್ಲ, ಆ ಹುರಿಗಡಲೆ. ಮೂವತ್ತು ಗ್ರಾಂ ಶೇಂಗಾದಲ್ಲಿ ಏಳೆಂಟು ಗ್ರಾಂ ಪ್ರೊಟೀನ್ ಇದೆ. ಆಫೀಸಿನ ಡ್ರಾಯರಿನಲ್ಲಿ ಸಣ್ಣ ಡಬ್ಬಿ ಇಡಿ. ದೊಡ್ಡ ಡಬ್ಬಿ ಬೇಡ, ಶೇಂಗಾವೂ ಎಣ್ಣೆಕಾಳೇ.

ಎರಡನೆಯ ವಾರ ಆ್ಯಪ್ ವಿಚಾರ. ಅದರಲ್ಲಿ ಕಾರ್ಡ್ ನಂಬರ್ ಉಳಿಸಿದ್ದರೆ ಅಳಿಸಿ, ಹಣ ಕ್ಯಾಶ್‌ನಲ್ಲೇ ಕೊಡುವುದು ಅಂತ ಇಟ್ಟುಕೊಳ್ಳಿ. ರಾತ್ರಿ ಹತ್ತೂವರೆಗೆ ಎದ್ದು ಪರ್ಸ್ ಹುಡುಕಿ, ಚಿಲ್ಲರೆ ಹೊಂದಿಸಿ, ನೈಟಿ ಮೇಲೆ ದುಪಟ್ಟಾ ಹಾಕಿಕೊಂಡು ಬಾಗಿಲಿಗೆ ಹೋಗಬೇಕು ಅಂದರೆ ಎಷ್ಟೋ ಐಸ್‌ಕ್ರೀಂಗಳು ಅಲ್ಲೇ ಕರಗಿ ಹೋಗುತ್ತವೆ. 'ಆಫರ್ ಇದೆ' ಅಂತ ಟಿಂಗ್ ಅನ್ನೋ ಸಂದೇಶಗಳನ್ನೂ ಬಂದ್ ಮಾಡಿ. ಬೇಕಾದ ತಿಂಡಿಯನ್ನು ಶನಿವಾರ ಊಟವಾದ ಮೇಲೆ, ಹೊಟ್ಟೆ ತುಂಬಿದಾಗ ಕೊಳ್ಳಿ. ಇನ್ನು ಆ ಚಾಕೊಲೇಟ್. 25 ರೂಪಾಯಿ ಡೆಲಿವರಿ ಉಳಿಸಲು 80 ರೂಪಾಯಿ ಕೊಡುವುದು ಯಾವ ಲೆಕ್ಕ? ನೀವು ಕೂಡಿಸೋದು ಕಳೆಯೋದು ಚೆನ್ನಾಗಿ ಬಲ್ಲವರು, ಪತ್ರದಲ್ಲೇ ಗೊತ್ತಾಗುತ್ತದೆ.

ಚಿಪ್ಸ್ ತಿನ್ನುವ ದಿನ ಹೀಗೆ ಮಾಡಿ ನೋಡಿ. ಪೊಟ್ಟಣದಿಂದ ಒಂದು ಸಣ್ಣ ಬಟ್ಟಲಿಗೆ ಸುರಿದುಕೊಳ್ಳಿ. ಉಳಿದದ್ದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಅಡುಗೆಮನೆಯಲ್ಲೇ ಬಿಡಿ. ಮೊಬೈಲ್ ಚಾರ್ಜಿಗೆ ಹಾಕಿ ಬನ್ನಿ. ದೀಪ ಹಾಕಿ, ಕೂತು, ಒಂದೊಂದಾಗಿ ತಿನ್ನಿ. ಮೊದಲ ನಾಲ್ಕೈದು ನಿಜಕ್ಕೂ ರುಚಿ. ಆಮೇಲೆ ಉಪ್ಪು ತುಟಿಗೆ ಉರಿ ಉರಿ ಅನ್ನುತ್ತದೆ, ಅಂಗುಳಕ್ಕೆ ಎಣ್ಣೆ ಜಿಡ್ಡು ಹತ್ತುತ್ತದೆ. ಕತ್ತಲಲ್ಲಿ ವಿಡಿಯೋ ನೋಡುತ್ತಾ ತಿನ್ನುವಾಗ ಇದು ಗೊತ್ತೇ ಆಗುವುದಿಲ್ಲ, ಕೈಯಷ್ಟೇ ತಿನ್ನುತ್ತಿರುತ್ತದೆ. ನಾನು ಮಿರ್ಚಿಯನ್ನು ಇವತ್ತಿಗೂ ಬಿಟ್ಟಿಲ್ಲ. ಹದಿನೈದು ದಿನಕ್ಕೊಮ್ಮೆ ಎರಡು, ಬೆಂಚಿನ ಮೇಲೆ ಕೂತು. ಮೂರನೆಯದು ಯಾಕೆ ಬೇಕಿತ್ತು ಅಂತ ಈಗ ನೆನಪಾಗುವುದಿಲ್ಲ.

ನಿದ್ದೆಯನ್ನೂ ಸ್ವಲ್ಪ ನೋಡಿಕೊಳ್ಳಿ. ನಿದ್ದೆ ಕೆಟ್ಟರೆ ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನೋ ಹಾರ್ಮೋನು ಏರುತ್ತದೆ, ಸಾಕು ಅನ್ನಿಸುವ ಲೆಪ್ಟಿನ್ ಹಾರ್ಮೋನು ಇಳಿಯುತ್ತದೆ.

ಒಂದು ಮಾತು ಮಾತ್ರ ಗಂಭೀರವಾಗಿ. ನಿಲ್ಲಿಸಲು ಆಗದಷ್ಟು ತಿನ್ನುವುದು, ಆಮೇಲೆ ವಾಂತಿ ಮಾಡಿಕೊಳ್ಳುವುದು, ಶಿಕ್ಷೆಯ ಹಾಗೆ ಉಪವಾಸ ಬೀಳುವುದು ಇದ್ದರೆ ಅದು ಕಾಯಿಲೆ. ನನ್ನ ಶೇಂಗಾ ಡಬ್ಬಿಗೆ ಬಗ್ಗುವಂಥದ್ದಲ್ಲ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ತಿಂಗಳ ಸಾಮಾನಿಗೆ ಸೂಪರ್ ಮಾರ್ಕೆಟಿಗೆ ಹೋದರೆ ಪಟ್ಟಿಯಲ್ಲಿ ಇಲ್ಲದ್ದೇ ಅರ್ಧ ಚೀಲ ತುಂಬುತ್ತದೆ. ಮಗನಿಗೆ ಅಂತ 'ಬಹುಧಾನ್ಯ' ಬಿಸ್ಕತ್ತು ತರುತ್ತೇನೆ. ಅದು ಒಳ್ಳೆಯದೇ ಅಲ್ವಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ಮುಂಭಾಗದ ಗೋಧಿ ತೆನೆಯ ಚಿತ್ರ ಬಿಡಿ, ಪ್ಯಾಕೆಟ್ ತಿರುಗಿಸಿ. ಹಾಕಿದ ಪದಾರ್ಥಗಳನ್ನು ತೂಕದ ಪ್ರಕಾರ ಬರೆಯಬೇಕು ಅಂತ ನಿಯಮವಿದೆ, ಯಾವುದು ಹೆಚ್ಚೋ ಅದು ಮೊದಲು. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ರಾಗಿ ಎಲ್ಲೋ ಕೊನೆಗೆ ಅಂತಿದ್ದರೆ ನೀವು ಕೊಂಡದ್ದು ಮೈದಾ ಬಿಸ್ಕತ್ತು. ಪಕ್ಕದ ಕೋಷ್ಟಕದಲ್ಲಿ 100 ಗ್ರಾಂಗೆ ಸಕ್ಕರೆ 25 ಗ್ರಾಂ ಅಂತಿದ್ದರೆ ಐದು ಟೀ ಚಮಚ ಅಂತ ಲೆಕ್ಕ. ಈ ಓದುವ ಕೆಲಸವನ್ನು ಮಗನಿಗೇ ಕೊಡಿ. ಮಕ್ಕಳಿಗೆ ಪತ್ತೇದಾರಿಕೆ ಇಷ್ಟ.

ಪಟ್ಟಿಯ ವಿಚಾರ. ನಮ್ಮಮ್ಮ ಶೆಟ್ಟರ ಅಂಗಡಿಗೆ ಚೀಟಿ ಕಳಿಸುತ್ತಿದ್ದಳು. ಚೀಟಿಯಲ್ಲಿ ಇದ್ದದ್ದು ಬರುತ್ತಿತ್ತು, ಇಲ್ಲದ್ದು ಕಣ್ಣಿಗೇ ಬೀಳುತ್ತಿರಲಿಲ್ಲ. ಈಗ ಎಷ್ಟೋ ಕಿರಾಣಿ ಅಂಗಡಿಯವರು ಚೀಟಿಯನ್ನು ವಾಟ್ಸಾಪ್‌ನಲ್ಲೇ ತೆಗೆದುಕೊಳ್ಳುತ್ತಾರೆ. ಎರಡು ತಿಂಗಳು ಹಾಗೆ ತರಿಸಿ ನೋಡಿ. ಸೂಪರ್ ಮಾರ್ಕೆಟಿಗೇ ಹೋಗಬೇಕಾದರೆ ಊಟ ಮಾಡಿ ಹೋಗಿ, ತಳ್ಳುಗಾಡಿ ಬಿಟ್ಟು ಕೈಬುಟ್ಟಿ ತಗೊಳ್ಳಿ. ಕೈ ನೋಯುತ್ತದಲ್ಲ, ಅದೇ ಜ್ಞಾಪಿಸುತ್ತದೆ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ, ಸಿಹಿ ಕಂಡರೆ ತಡೆಯಲು ಆಗುವುದಿಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಾಕಿದ್ದಾದರೆ ಎಷ್ಟು ತಿಂದರೂ ನಡೆಯುತ್ತದೆ ಅಂತಾರೆ. ಮುಂದಿನ ವಾರ ಮೊಮ್ಮಗಳ ನಾಮಕರಣ, ಬೆಲ್ಲದ ಹೋಳಿಗೆ ಮಾಡಿಸುತ್ತಿದ್ದೇವೆ.
– ನಿವೃತ್ತ ಶಿಕ್ಷಕರು, ರಾಣೆಬೆನ್ನೂರು

ಉತ್ತರ: ನಡೆಯುವುದಿಲ್ಲ ಮೇಷ್ಟ್ರೇ. ಬೆಲ್ಲದಲ್ಲಿ ಚೂರು ಖನಿಜ ಇರಬಹುದು, ಆದರೆ ಅದೂ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಹೋದ ಮೇಲೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನಿಮ್ಮ ವೈದ್ಯರು ಒಪ್ಪಿದರೆ ಅವತ್ತು ಒಂದು ಹೋಳಿಗೆ ತಿನ್ನಿ, ಆ ಊಟದಲ್ಲಿ ಅನ್ನ ಬಿಡಿ, ಕೋಸಂಬರಿ ಎರಡು ಸಲ ಹಾಕಿಸಿಕೊಳ್ಳಿ. ಮಾತ್ರೆ ತಪ್ಪಿಸಬೇಡಿ. ಉಳಿದ ಹೋಳಿಗೆಯನ್ನು ಅವತ್ತೇ ಬೀಗರ ಕೈಗೆ ಕಟ್ಟಿ ಕಳಿಸಿ. ಮಗುವಿಗೆ ಏನು ಹೆಸರಿಟ್ಟಿರಿ ಅಂತ ತಿಳಿಸಿ.