ಬ್ಯುರೆಟ್ ಹಿಡಿಯುವವರು ಯಾರು?

ಓದುಗರ ಪತ್ರ: ‘ಮಗಳಿಗೆ ಕ್ರೈಸ್ತ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. ಅವಳಿಗೆ ರಸಾಯನಶಾಸ್ತ್ರವೇ ಬೇಕಂತೆ. ನಾವು ಕೆಮಿಕಲ್ ಎಂಜಿನಿಯರಿಂಗ್ ಓದು ಎನ್ನುತ್ತಿದ್ದೇವೆ. ನಮಗೆ ಅವಳ ಭವಿಷ್ಯದ ಚಿಂತೆ. ಬೈಬಲ್ ಪಾಠ, ಪ್ರಾರ್ಥನೆ ಎಂದು ಹೊತ್ತು ಕಳೆಯುವ ಕಡೆ ವಿಜ್ಞಾನ ಎಷ್ಟು ಕಲಿತಾಳು?’

ಸಂಪಾದಕರ ಉತ್ತರ: ಎಂಜಿನಿಯರಿಂಗ್ ಓದಿದವರಿಗೆ ಕೆಲಸ ಬೇಗ ಸಿಗುತ್ತದೆ, ಒಪ್ಪಿದೆ. ಫೀಸು ಕಟ್ಟುವವರ ಸಂಕಟವೂ ಸುಳ್ಳಲ್ಲ. ಆದರೆ ಹೆಸರಿನಲ್ಲಿ ‘ಕೆಮಿಕಲ್’ ಇದೆ ಎಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಲ್ಲಿ ಬಹುಪಾಲು ಪೈಪು, ಪಂಪು, ಶಾಖದ ಲೆಕ್ಕ. ಎರಡು ವಸ್ತು ಸೇರಿ ಮೂರನೆಯದು ಯಾಕಾಯಿತು ಎಂದು ತಲೆ ಕೆರೆದುಕೊಳ್ಳುವ ಹುಡುಗಿಗೆ ಅದು ಬೇರೆಯವರ ಮನೆ.

ಇನ್ನು ಪ್ರಾರ್ಥನೆಯ ಮಾತು. ಸ್ವಾಮಿ, ಪಾದರಸದ ಕೆಂಪು ಭಸ್ಮದ ಮೇಲೆ ಭೂತಗನ್ನಡಿಯಿಂದ ಬಿಸಿಲು ಬಿಟ್ಟು 1774ರಲ್ಲಿ ಆಮ್ಲಜನಕ ಹಿಡಿದ ಪ್ರೀಸ್ಟ್ಲಿ ಒಬ್ಬ ಪಾದ್ರಿ. ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ಫಾದರ್ ನ್ಯೂಲಂಡ್ ಪಾಠ ಮಾಡುತ್ತಲೇ ವರ್ಷಗಟ್ಟಲೆ ಅಸಿಟಿಲೀನ್ ಅನಿಲದ ಬೆನ್ನು ಬಿದ್ದಿದ್ದರು. ಆ ಕೆಲಸದ ಮೇಲೆಯೇ ಡ್ಯುಪಾಂಟ್ ಕಂಪನಿ 1931ರಲ್ಲಿ ನಿಯೋಪ್ರೀನ್ ಎಂಬ ಕೃತಕ ರಬ್ಬರನ್ನು ಹೊರತಂದಿತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಮೆರಿಕದ್ದೇ ಆದ ಒಬರ್ಲಿನ್ ಕಾಲೇಜಿನ ಕಥೆ. 1833ರಲ್ಲಿ ಧರ್ಮನಿಷ್ಠರು ಕಟ್ಟಿದ ಕಾಲೇಜು ಅದು. ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು ಜರ್ಮನಿಯಲ್ಲಿ ಓದಿ ಬಂದ ಜೂಯೆಟ್. ಅವರ ಶಿಷ್ಯ ಚಾರ್ಲ್ಸ್ ಹಾಲ್ ಡಿಗ್ರಿ ಮುಗಿದ ಮರುವರ್ಷ, 1886ರ ಫೆಬ್ರುವರಿಯಲ್ಲಿ, ಮನೆಯ ಸೌದೆ ಕೊಟ್ಟಿಗೆಯಲ್ಲಿ ಕರಗಿದ ಕ್ರಯೊಲೈಟ್ ಎಂಬ ಖನಿಜದಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಬೆರೆಸಿ ವಿದ್ಯುತ್ ಹರಿಸಿ ಅಲ್ಯೂಮಿನಿಯಂ ಗುಂಡುಗಳನ್ನು ತೆಗೆದ. ಜೊತೆಗಿದ್ದ ಅಕ್ಕ ಜೂಲಿಯಾಳೂ ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಅವಳ ಹೆಸರು ಎಷ್ಟು ಪಠ್ಯಪುಸ್ತಕದಲ್ಲಿದೆ, ಹುಡುಕಿ ನೋಡಿ.

ನನ್ನ ಕಥೆ ಇಷ್ಟು ಹೊಳಪಿನದಲ್ಲ. ನಾನು ಓದಿದ ಕಡೆ ಪ್ರಾರ್ಥನೆಯ ಕಾಟ ಇರಲಿಲ್ಲ, ಪ್ರಯೋಗದ ಕಾಟವೂ ಇರಲಿಲ್ಲ. ಲ್ಯಾಬಿಗೆ ಸದಾ ಬೀಗ. ಪರೀಕ್ಷೆಯ ಹಿಂದಿನ ಸಂಜೆ ‘ಉತ್ತರ’ ಸೋರುತ್ತಿತ್ತು. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ, ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ನಳಿಕೆ ಬ್ಯುರೆಟ್ಟನ್ನು ಮುಟ್ಟದೆ, ರೀಡಿಂಗ್ 18.6 ಮಿ.ಲೀ. ಎಂದು ಮೂರು ಸಲ ಬರೆದು ಪೂರ್ತಿ ಅಂಕ ಹೊಡೆದೆ. ಬಣ್ಣವಿಲ್ಲದ ದ್ರಾವಣ ಒಂದೇ ಹನಿಗೆ ನಸುಗೆಂಪಾಗಿ ನಿಲ್ಲುವುದನ್ನು, ಇನ್ನೊಂದು ಹನಿ ಹೆಚ್ಚಾದರೆ ಕಡುಗುಲಾಬಿಯಾಗಿ ಎಲ್ಲ ಕೆಡುವುದನ್ನು ನನ್ನ ಕಣ್ಣಾರೆ ಕಂಡದ್ದು ಮೇಷ್ಟ್ರಾದ ಗೆಳೆಯನ ಲ್ಯಾಬಿನಲ್ಲಿ, ತಲೆ ನರೆತ ಮೇಲೆ. ಡಿಗ್ರಿ ಮಾತ್ರ ಗೋಡೆಯ ಮೇಲೆ ಜೋರಾಗಿಯೇ ಇದೆ! ಈಗಲೂ ಅದೇ ಹಾಡು: ಕಟ್ಟಡಕ್ಕೆ ದುಡ್ಡಿದೆ, ಗಾಜಿನ ನಳಿಕೆಗೆ ಇಲ್ಲ; ರ‍್ಯಾಂಕಿಗೆ ಬ್ಯಾನರ್ ಇದೆ, ರೀಡಿಂಗ್ ತಪ್ಪಿತೆಂದು ಮತ್ತೆ ಮಾಡುವವರಿಗೆ ಹೊತ್ತಿಲ್ಲ.

ಆದ್ದರಿಂದ ಕಾಲೇಜಿಗೆ ಹೋದಾಗ ಚಾಪೆಲ್ ಎಷ್ಟು ಗಂಟೆ ಎಂದು ಕೇಳಬೇಡಿ. ಲ್ಯಾಬ್ ಎಷ್ಟು ಗಂಟೆ ತೆರೆದಿರುತ್ತದೆ, ಉಪಕರಣಗಳನ್ನು ಮಕ್ಕಳೇ ಮುಟ್ಟುತ್ತಾರೋ ಗಾಜಿನಾಚೆಯಿಂದ ನೋಡುತ್ತಾರೋ, ಕೊನೆಯ ವರ್ಷ ಸ್ವಂತ ಸಂಶೋಧನೆ ಇದೆಯೋ ಎಂದು ಕೇಳಿ. ಬಯೋಕೆಮಿಸ್ಟ್ರಿಯ ಆಸೆ ಹುಟ್ಟಿದರೆ ಅದೂ ಸರಿಯೇ, ಭೌತರಸಾಯನ ಮತ್ತು ಗಣಿತ ಕೈಬಿಡದಿದ್ದರೆ ಸಾಕು. ಮೇಜಿನ ಮೇಲೆ ಆಸಿಡ್ ಕಲೆ ಕಂಡರೆ ಧೈರ್ಯವಾಗಿ ಸೇರಿಸಿ.

ನಿಮ್ಮ ಪತ್ರದಲ್ಲಿ ‘ನಾವು’, ‘ನಮಗೆ’ ಎಲ್ಲ ಇದೆ. ಮಗಳ ಪಾಲಿಗೆ ಬಂದದ್ದು ಒಂದೇ ಸಾಲು, ಅದಕ್ಕೂ ಒಂದು ‘ಅಂತೆ’. ಮುಂದಿನ ಪತ್ರವನ್ನು ಅವಳ ಕೈಯಲ್ಲೇ ಬರೆಸಿ.