ಅಕ್ಕನ ಸಕ್ಕರೆ ಕಾಯಿಲೆ, ತಮ್ಮನ ಮದುವೆ

ಆಕೆಗೆ 36 ವರ್ಷ. ಸಣಕಲು ಮೈ, ಆದರೂ ಐದು ವರ್ಷಗಳಿಂದ ಸಕ್ಕರೆ ಕಾಯಿಲೆ. ಕಿವಿ ಮಂದವಾಗುತ್ತಿರುವುದನ್ನು ಮೊದಲು ಕಂಡುಹಿಡಿದವಳು ಮಗಳು: ಕುಕ್ಕರ್ ಸೀಟಿ ಅಮ್ಮನಿಗೆ ಕೇಳಿಸುತ್ತಿರಲಿಲ್ಲ. ತೀರಿಕೊಂಡ ತಾಯಿಗೂ ಈ ಎರಡೂ ಇದ್ದವು. ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಾಗಿದ್ದರು. ಸಕ್ಕರೆಯನ್ನೂ ಕಿವಿಯನ್ನೂ ಒಟ್ಟಿಗೆ ನೋಡಿದ ವೈದ್ಯರೊಬ್ಬರು ಜೀನ್ ಪರೀಕ್ಷೆ ಮಾಡಿಸಿ, ಜೀನ್ ಸಲಹೆಗಾರ್ತಿಯಾದ ನನ್ನ ಬಳಿ ಕಳುಹಿಸಿದರು.

ಮೈಟೊಕಾಂಡ್ರಿಯ ಎಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಘಟಕ. ಅದರದೇ ಆದ ಡಿಎನ್‌ಎ ಬಹಳ ಚಿಕ್ಕದು: 16,569 ಅಕ್ಷರಗಳು, 37 ಜೀನ್‌ಗಳು. ಅದರ 3243ನೆಯ ಜಾಗದಲ್ಲಿ 'ಎ' ಇರಬೇಕಾದಲ್ಲಿ 'ಜಿ' ಬಂದಿತ್ತು. ಇನ್ಸುಲಿನ್ ಸ್ರವಿಸುವ ಜೀವಕೋಶಗಳಿಗೂ ಒಳಗಿವಿಗೂ ಶಕ್ತಿ ಧಾರಾಳವಾಗಿ ಬೇಕು. ಈ ಬದಲಾವಣೆಯಿಂದಾಗುವ ಶಕ್ತಿಯ ಕೊರತೆ ಮೊದಲು ತಟ್ಟುವುದು ಇಂಥ ಕಡೆಗೇ.

ಮೊದಲ ಭೇಟಿಯಲ್ಲಿ ನಾನು ಎಡವಿದೆ. "ಇದು ತಾಯಿಯ ಅಂಡದ ಮೂಲಕವೇ ಬರುತ್ತದೆ" ಎಂದು ಚಿತ್ರ ಬರೆದು ವಿವರಿಸಿದೆ. ಜೊತೆಗೆ ಬಂದಿದ್ದ ಅತ್ತೆ ಅಷ್ಟನ್ನೇ ಹಿಡಿದುಕೊಂಡರು: "ನಮ್ಮ ಮನೆತನದಲ್ಲಿ ಇಂಥದ್ದು ಯಾರಿಗೂ ಇರಲಿಲ್ಲ ಮೇಡಂ." ಆಕೆ ತಲೆ ತಗ್ಗಿಸಿದರು. ಅಂದಿನಿಂದ ಜೀನ್ 'ದೋಷ' ಎನ್ನುವುದನ್ನು ಬಿಟ್ಟಿದ್ದೇನೆ. ದೋಷ ಎಂದೊಡನೆ ನಮ್ಮಲ್ಲಿ ಜಾತಕ ಬಿಚ್ಚಿಕೊಳ್ಳುತ್ತದೆ, ಪರಿಹಾರದ ಪೂಜೆ ಹುಡುಕುತ್ತಾರೆ. 'ಬದಲಾವಣೆ' ಎಂದರೆ ಸಾಕು.

ಎರಡನೆಯ ಸಲ ಒಕ್ಕಣೆಯ ಕಣದ ಮಾತಾಡಿದೆ. ಕೃಷಿಕರ ಮನೆಯವರು, ತಕ್ಷಣ ತಿಳಿಯಿತು. ಗಟ್ಟಿಕಾಳು, ಜೊಳ್ಳು ಬೆರೆತ ರಾಶಿಯಿಂದ ಕಣ್ಣುಮುಚ್ಚಿ ಒಂದೊಂದು ಬೊಗಸೆ ಎತ್ತಿದರೆ ಎಲ್ಲ ಬೊಗಸೆಯಲ್ಲೂ ಜೊಳ್ಳು ಒಂದೇ ಪ್ರಮಾಣದಲ್ಲಿರುವುದಿಲ್ಲ. ಅಂಡಗಳೂ ಹಾಗೆಯೇ: ಬದಲಾವಣೆ ಇರುವ, ಇಲ್ಲದ ಮೈಟೊಕಾಂಡ್ರಿಯಗಳು ಒಂದೊಂದು ಅಂಡದಲ್ಲಿ ಒಂದೊಂದು ಪ್ರಮಾಣದಲ್ಲಿ ಬೆರೆತಿರುತ್ತವೆ. ಆದ್ದರಿಂದ ಒಡಹುಟ್ಟಿದವರಲ್ಲಿ ಒಬ್ಬರಿಗೆ ಕಾಯಿಲೆ ಜೋರಾಗಿ, ಇನ್ನೊಬ್ಬರಿಗೆ ಕಾಣಿಸದೆಯೂ ಇರಬಹುದು. ಬೊಗಸೆಯನ್ನು ಆರಿಸಿಕೊಡಲು ಯಾವ ತಾಯಿಗೂ ಸಾಧ್ಯವಿಲ್ಲ ಎಂದಾಗ ಅತ್ತೆ ಮಾತಾಡಲಿಲ್ಲ. ನೀರಿನ ಬಾಟಲಿಯನ್ನು ಸೊಸೆಯ ಕಡೆ ಸರಿಸಿದರು.

ಕೊಟ್ಟ ಸಲಹೆ ಇಷ್ಟು. ಈ ಸ್ಥಿತಿಯಲ್ಲಿ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಸಾಮಾನ್ಯವಾಗಿ ಬೇಡ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಭಯವಿದೆ. ಆದರೆ ತಾವಾಗಿಯೇ ನಿಲ್ಲಿಸದೆ ವೈದ್ಯರೊಡನೆ ಮಾತಾಡಿ ಬದಲಿಸಿಕೊಳ್ಳಬೇಕು. ಮುಂದೆ ಇನ್ಸುಲಿನ್ ಬೇಕಾಗಬಹುದು, ಅದು ಆಕೆಯ ಪಥ್ಯದ ತಪ್ಪಲ್ಲ. ಹೃದಯ, ಕಣ್ಣು, ಮೂತ್ರಪಿಂಡಗಳ ತಪಾಸಣೆ ಆಗುತ್ತಿರಬೇಕು. ಯಾವ ಆಸ್ಪತ್ರೆಗೆ ಹೋದರೂ ಈ ವರದಿ ಜೊತೆಯಲ್ಲಿರಲಿ. ಮಗಳು ಆರೋಗ್ಯವಾಗಿದ್ದಾಳೆ, ಜೀನ್ ಪರೀಕ್ಷೆಯನ್ನು ಅವಳು ದೊಡ್ಡವಳಾಗಿ ತಾನೇ ನಿರ್ಧರಿಸಲಿ. ಈಗ ಸಕ್ಕರೆ, ಶ್ರವಣ ನೋಡಿಸಿಕೊಳ್ಳುತ್ತಿದ್ದರೆ ಸಾಕು.

ತಮ್ಮನದು ಬೇರೆ ತೊಡಕು. ಮನೆಯ ಕಾಯಿಲೆಯ ಸುದ್ದಿ ತಿಳಿದು ಹುಡುಗಿಯ ಕಡೆಯವರು ನಿಶ್ಚಿತಾರ್ಥ ಮುಂದೂಡಿದ್ದರು. ಗಂಡಸಿನಿಂದ ಇದು ಮಕ್ಕಳಿಗೆ ದಾಟುವುದಿಲ್ಲ ಎಂದು ಕೇಳಿದೊಡನೆ ಆತ ಫೋನ್ ಕೈಗೆತ್ತಿಕೊಂಡರು. ತಡೆದೆ. ಮಕ್ಕಳಿಗೆ ದಾಟದಿದ್ದರೂ ಅದೇ ರಾಶಿಯ ಒಂದು ಬೊಗಸೆ ಅವರಿಗೂ ಬಂದಿದೆ. ರಕ್ತದಲ್ಲಿ ಈ ಬದಲಾವಣೆಯ ಪ್ರಮಾಣ ವಯಸ್ಸಾದಂತೆ ಇಳಿಯುವುದರಿಂದ ಮೂತ್ರದ ಮಾದರಿಯನ್ನೂ ಪರೀಕ್ಷಿಸಿದರೆ ಒಳ್ಳೆಯದು ಎಂದು ತಿಳಿಸಿದೆ. ಹುಡುಗಿಗೆ ಹೇಳುವುದಾದರೆ ಎರಡನ್ನೂ ಹೇಳಿ ಎಂದೆ.

ಮುಂದಿನ ವಾರ ಹುಡುಗಿಯೇ ಅವರೊಡನೆ ಬಂದಳು. ಮಕ್ಕಳ ವಿಷಯ ಎತ್ತಲಿಲ್ಲ. "ಇವರಿಗೆ ಕಿವಿ ಕೇಳಿಸದಂತಾಗುತ್ತದೆಯೇ?" ಎಂದು ಕೇಳಿದಳು. ಆಗಬಹುದು, ಆಗದೆಯೂ ಇರಬಹುದು ಎಂದೆ. ಅಂದೇ ಇಬ್ಬರೂ ಶ್ರವಣ ಪರೀಕ್ಷೆಯ ಕೊಠಡಿ ಎಲ್ಲಿದೆಯೆಂದು ವಿಚಾರಿಸಿಕೊಂಡು ಹೋದರು.